ನಿಂತದ್ದರ ಬಿಸಿ

ವಾಲ್ಪರೈಸೊದ ಗುಡ್ಡದ ರೈಲು ನಿಂತು ಆರು ವರ್ಷ.
ಅದನ್ನು ನಡೆಸುತ್ತಿದ್ದ ಎಡುವಿನಾ
ಅಡುಗೆಮನೆಯ ಮೇಜಿಗೆ ಹಲಗೆ ಓರೆಯಿಟ್ಟು
ಇನ್ನೊಂದು ಕಟ್ಟಿದ್ದಾಳೆ.
ಬೆಂಕಿಪೊಟ್ಟಣದ ಬೋಗಿ, ಹೊಲಿಗೆ ದಾರ,
ಎರಡು ಎಂಪನಾಡದ ಬೆಲೆಗೆ ಕೊಂಡ
ಬಿಸ್ಕತ್ತಿನಗಲದ ಸ್ಟೆಪ್ಪರ್ ಮೋಟರು. ಐದು ತಂತಿ.

ಸುತ್ತಿಗೆ ಎರಡು ಸಾವಿರದ ನಲವತ್ತೆಂಟು ಹೆಜ್ಜೆ,
ಅಂದಿದ್ದ ಅಂಗಡಿಯ ಹುಡುಗ.
ಬೋಗಿ ನಿಲ್ದಾಣ ದಾಟಿ ಸಕ್ಕರೆ ಡಬ್ಬಿಗೆ ತಾಗಿತು.
ಕನ್ನಡಕ ಏರಿಸಿ ತಾನೇ ಎಣಿಸಿದಳು:
ಹತ್ತು ಕಡಿಮೆ.

ತಾನೆಲ್ಲಿದ್ದೇನೆಂದು ಇದಕ್ಕೆ ಗೊತ್ತಿಲ್ಲ.
ಹೆಜ್ಜೆಯ ಲೆಕ್ಕ ಬೇರೆ ಯಾರೋ ಇಡಬೇಕು.

ಮತ್ತೆ ಬಿಟ್ಟಳು.
ಕಿರ್ರೆನ್ನುತ್ತ ಏರಿ, ತುದಿಯಲ್ಲಿ, ಸರಿಯಾಗಿ, ನಿಂತಿತು.
ಮೋಟರಿಗೆ ಬೆರಳಿಟ್ಟಳು. ಓಡುತ್ತಿಲ್ಲ, ಆದರೂ
ಸುಡುತ್ತಿದೆ.

"ಗೊತ್ತು ಕಣೇ," ಅಂದಳು,
"ಇಳಿಜಾರಲ್ಲಿ ಸುಮ್ಮನೆ ನಿಲ್ಲೋದು
ಸುಮ್ಮನೆ ಅಲ್ಲ."