ಒಂಬತ್ತು ಜನಕ್ಕೆ ಏಳು ಗ್ಲೌಸು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ನಾನು ಲಾಟು ಬರೆಯುವವನು.
ನಿನ್ನೆ ಆರುನೂರಕ್ಕೆ ಹೋದ ಗೂಡು
ಇವತ್ತು ನಾನೂರಾ ಎಂಬತ್ತು.
ಹುಳು ಅದೇ, ಸೊಪ್ಪು ಅದೇ ತೋಟದ್ದು.
ಏರಿದ್ದು ಇಳಿದದ್ದು ಬರೆಯುತ್ತೇನೆ,
ಯಾಕೆಂದು ಬರೆಯಲು ಕಾಲಂ ಇಲ್ಲ.

ಭಾನುವಾರ ಅದೇ ಪುಸ್ತಕ ತಿರುಗಿಸಿ
ಹಿಂದಿನ ಹಾಳೆಯಿಂದ
ಬೇಸ್‌ಬಾಲ್ ಸ್ಕೋರು.

ನಗಬೇಡಿ. ಗಂಗುಲಪ್ಪ ಮೇಷ್ಟ್ರು
ಯಾವುದೋ ಕ್ಯಾಂಪಿಗೆ ಹೋಗಿ
ಗೋಣಿಚೀಲದಲ್ಲಿ ಹೊತ್ತು ತಂದ ಆಟ ಇದು:
ಎರಡು ಬ್ಯಾಟು, ನಾಲ್ಕು ಚೆಂಡು, ಏಳು ಗ್ಲೌಸು.
ಚೆಂಡಿಗೆ ನೂರೆಂಟು ಹೊಲಿಗೆ ಎಂದರು.
ಪಿಳ್ಳಪ್ಪ ಎಣಿಸಿದ, ಜಪಸರದ ಹಾಗೆ ಬೆರಳು ಸರಿಸುತ್ತ,
ನೂರಾ ಮೂರಕ್ಕೆ ತಪ್ಪಿ
ಮತ್ತೆ ಮೊದಲಿಂದ.

ಮೇಷ್ಟ್ರು ಹೇಳುತ್ತಿದ್ದರು:
ಅಮೆರಿಕದಲ್ಲಿ ದೊಡ್ಡ ತಂಡ ಎಷ್ಟು ಸೋತರೂ ದೊಡ್ಡದೇ.
ನೂರು ಪಂದ್ಯ ಸೋತವರಿಗೂ ಮುಂದಿನ ವರ್ಷ
ಅದೇ ದೀಪ, ಅದೇ ಹುಲ್ಲು.
ಆಟಗಾರ ಇಳಿಯುತ್ತಾನೆ, ಚೀಲ ಹೆಗಲಿಗೆ ಹಾಕಿ, ಬಸ್ಸು ಹತ್ತಿ.
ತಂಡ ಇಳಿಯುವುದಿಲ್ಲ.
‘ಹಂಗಾದ್ರೆ ಕೆಳಗಿನೋರು ಹತ್ತೋದು ಎಂಗೆ ಸಾರ್?’
ಶಾಹಿದಾ ಕೇಳಿದಳು.
ಮೇಷ್ಟ್ರು ಸೀಟಿ ಊದಿದರು.

ಆ ರಾತ್ರಿ ಪೆನ್ಸಿಲಿನಲ್ಲಿ ಏಣಿ ಬರೆದೆ.
ತುತ್ತತುದಿಗೆ ನ್ಯೂಯಾರ್ಕು,
ಹೆಸರು ಬಾರದ ಊರುಗಳಿಗೆ ಬರೀ ಚುಕ್ಕಿ,
ಆಮೇಲೆ ಬೆಂಗಳೂರು, ಕೋಲಾರ,
ಮಾವಿನಮರಕ್ಕೆ ಕಲ್ಲೆಸೆದೇ ತೋಳು ಬಲಿತ ಶ್ರೀನಿವಾಸಪುರ,
ಹೆಂಚಿನ ದೂಳಲ್ಲಿ ಕೆಂಪಾದ ಮಾಲೂರು,
ಕೊನೆಯ ಗೆರೆಗೆ ನಾವು.
ವರ್ಷಕ್ಕೆ ಮೂವರು ಮೇಲೆ, ಮೂವರು ಕೆಳಗೆ.
ಒಂದೂ ವರ್ಷ ಜಾರದೆ ಹತ್ತಿದರೆ
ಹನ್ನೊಂದನೆಯ ವರ್ಷ ನ್ಯೂಯಾರ್ಕು ನಮ್ಮದು.
ಪಿಳ್ಳಪ್ಪನಿಗಾಗ ನಲವತ್ತಾರು.
ಸೋತ ನ್ಯೂಯಾರ್ಕು ಮೆಟ್ಟಿಲು ಮೆಟ್ಟಿಲು ಜಾರಿ
ಒಂದು ಭಾನುವಾರ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಳಿದು
ಮೈದಾನ ಎಲ್ಲಿ ಅಂತ ಕೇಳುತ್ತದೆ.
ನಾವಾಗ ಊರಲ್ಲಿರುವುದಿಲ್ಲವಲ್ಲ,
ದಾರಿ ತೋರಿಸುವವರು ಯಾರು?

ನಮ್ಮ ಗೆರೆಯ ಕೆಳಗೆ ಹಾಳೆ ಖಾಲಿ.
ಸೋತರೆ ನಾವು ಎಲ್ಲಿಗೆ ಹೋಗುವುದು?
ಇಳಿಯಲೂ ಒಂದು ಮೆಟ್ಟಿಲು ಬೇಕೆಂದು
ಆವತ್ತೇ ಹೊಳೆದದ್ದು ನನಗೆ.

ಫಿಲೇಚರ್ ಹಿಂದಿನ ಓಣಿಯಲ್ಲಿ ಹುಡುಗರಿದ್ದರು:
ಕೈಯಲ್ಲಿ ಸೌದೆ ತುಂಡು, ಚೆಂಡೆಂದರೆ
ಕೆಟ್ಟ ರೇಷ್ಮೆ ಸುತ್ತಿದ ಬಟ್ಟೆಯ ಉಂಡೆ.
ಅವರನ್ನು ನಮ್ಮ ಕೆಳಗೆ ಬರೆದೆ.
ಮೇಷ್ಟ್ರು ನೋಡಿದರು. ಏಣಿಯ ಮೇಲೆ ಅಂಗೈ ಮುಚ್ಚಿ
ಕೊನೆಯ ಎರಡು ಗೆರೆ ಮಾತ್ರ ಬಿಟ್ಟು
‘ಇಷ್ಟು ನಮ್ಮ ಕೈಲಾಗ್ತದೆ’ ಅಂದರು.

ಕಾನೂನು ಒಂದೇ.
ವರ್ಷದ ಕೊನೆಯ ಪಂದ್ಯ ಗೆದ್ದವರಿಗೆ ಗ್ಲೌಸು,
ಸೋತವರು ಮುಂದಿನ ವರ್ಷವಿಡೀ ಬರಿಗೈ.

ಮೂರು ವರ್ಷ ಗೆದ್ದೆವು.
ನಾಲ್ಕನೆಯ ವರ್ಷ ಆಕಾಶಕ್ಕೆ ಹೋದ ಚೆಂಡು
ಪಿಳ್ಳಪ್ಪನ ಗ್ಲೌಸಿಗೆ ಬಿತ್ತು, ಎದ್ದಿತು, ನೆಲಕ್ಕೆ ಬಿತ್ತು.
ಎಂಟನೇ ಕ್ಲಾಸಿನ ಒಬ್ಬ ಮೂರನೇ ಬೇಸಿನಿಂದ ಓಡಿ
ಮನೆ ಮುಟ್ಟಿದ. ಈ ಆಟದಲ್ಲಿ
ಕೊನೆಗೆ ಮುಟ್ಟುವ ಜಾಗಕ್ಕೆ ಮನೆ ಅಂತಲೇ ಹೆಸರು.

ಆರು ಗ್ಲೌಸು ಗೋಣಿಚೀಲಕ್ಕೆ ಬಂದವು.
ಏಳನೆಯದು ಶಾಹಿದಾಳ ಕೈಯಲ್ಲಿ.
ದಿನವೂ ಕುದಿನೀರಲ್ಲಿ ಗೂಡಿನ ಎಳೆ ಹುಡುಕುವ ಬೆರಳು,
ಬಿಸಿ ಯಾವುದು ತಣ್ಣಗೆ ಯಾವುದು ಅದಕ್ಕೆ ಮರೆತುಹೋಗಿದೆ.
ನಿಧಾನ ಎಳೆದು ತೆಗೆದಳು.
ಒಳಗೆ ಬೆಂದ ಹುಳದ ವಾಸನೆ, ಯಾವ ಸೋಪಿಗೂ ಹೋಗದ್ದು.
ಹುಡುಗ ತೊಟ್ಟ. ಮೂಗು ಮುರಿಯಲಿಲ್ಲ,
ಅವನ ಅಮ್ಮನ ಕೈಯೂ ಅದೇ ವಾಸನೆ.
‘ನಿಂಗೆ ದೊಡ್ಡದು, ಬರೋ ವರ್ಷಕ್ಕೆ ಸರಿಹೋಗ್ತದೆ.’
‘ಅಷ್ಟೊತ್ಗೆ ನೀವು ಕಿತ್ಕೊಳಲ್ವಾ ಅಕ್ಕಾ?’

ಸೋಮವಾರ ಗೂಡು ಐನೂರಾ ಇಪ್ಪತ್ತು.
ಮಧ್ಯಾಹ್ನ ಶಾಹಿದಾ ಕಿಟಕಿಯಾಚೆ ನಿಂತು
ಅಂಗೈ ಒಳಗೆ ಚಾಚಿದಳು:
ಬೆಳಗ್ಗೆ ಬರಿಗೈಲಿ ಹಿಡಿದ ಚೆಂಡು,
ಹೊಲಿಗೆಯ ಗುರುತು ಕೆಂಪಗೆ.
‘ನೋಯ್ತಾ ಅದೆ’ ಅಂದಳು,
ಲಾಟಿಗೆ ರೇಟು ಏರಿದವರ ದನಿಯಲ್ಲಿ.