ಹೆಬ್ಬೆಟ್ಟು

ಅರ್ಜಿ ಫಾರಂ ಹಿಡ್ಕೊಂಡು ಬಂದಿದ್ದೀಯ, ಚಂಪಕಾ,
ನರ್ಸಿಂಗಿಗೆ ಸೇರಲಾ ಚಿಕ್ಕಿ, ಒಳ್ಳೇದೋ ಕೆಟ್ಟದ್ದೋ, ಅಂತ.
ಕೂತ್ಕೋ. ಕಾಲು ಬಿಸಿನೀರಲ್ಲಿ ಇಟ್ಟಿದೀನಿ,
ರಾತ್ರಿಯೆಲ್ಲ ನಿಂತ ಕಾಲು, ಮೊದಲು ಅದು ಮಾತಾಡಲಿ.

ಇವತ್ತೂ ಹಾಜರಿ ಯಂತ್ರ ನನ್ನ ಹೆಬ್ಬೆಟ್ಟನ್ನ ಗುರುತಿಸಲಿಲ್ಲ.
ಒರೆಸಿ ಒತ್ತಿದೆ, ಊದಿ ಒತ್ತಿದೆ, ಕೋಟಿಗೆ ತಿಕ್ಕಿ ಒತ್ತಿದೆ.
ಕೆಂಪು ದೀಪ. ಮತ್ತೆ ಕೆಂಪು ದೀಪ.
ಸೋಪು, ಸ್ಪಿರಿಟ್ಟು, ಗ್ಲೌಸಿನ ಪುಡಿ
ಹದಿನಾಲ್ಕು ವರ್ಷ ತಿಂದು ತಿಂದು ಗೆರೆ ನುಣ್ಣಗಾಗಿದೆ.
ನಮ್ಮಜ್ಜಿ ಓದು ಬರದೆ ಹೆಬ್ಬೆಟ್ಟು ಒತ್ತಿದಳು,
ನಾನು ಓದಿ ಹೆಬ್ಬೆಟ್ಟನ್ನೇ ಕಳಕೊಂಡೆ.
ಅರ್ಧ ದಿನದ ಸಂಬಳ ಕಟ್.
ಗುತ್ತಿಗೆಯವಳು, ಯಾರಿಗೆ ಹೇಳಲಿ,
ಆ ಸಂಬಳ ಬರೋದೇ ಮೂರು ತಿಂಗಳಿಗೊಂದ್ಸಲ.

ಮಂಡ್ಯದ ಸುತ್ತ ಆಲೆಮನೆ ಹೊಗೆಯಾಡಿದರೆ
ನಮ್ಮ ಸುಟ್ಟಗಾಯದ ವಾರ್ಡು ತುಂಬುತ್ತೆ.
ಕುದಿಯೋ ಕೊಪ್ಪರಿಗೆಗೆ ಜಾರಿದ ಹುಡುಗ,
ಇಪ್ಪತ್ತೂ ಆಗಿರಲಿಲ್ಲ, ಬಿಹಾರದ ಕಡೆಯವನು.
ಪಟ್ಟಿ ಬಿಚ್ಚುವಾಗ 'ಮಾಯಿ, ಮಾಯಿ' ಅಂತಿದ್ದ.
ಗಾಯಕ್ಕೆ ಮಾಯು ಅಂತಿದಾನೆ ಅಂದ್ಕೊಂಡೆ,
ಅವ್ವನ್ನ ಕರೀತಿದ್ದ.
ಮಾಯಲಿಲ್ಲ.
ಆಮೇಲಿಂದ ಹೋಳಿಗೆ ನನ್ನ ಗಂಟಲಲ್ಲಿ ಇಳಿಯಲ್ಲ,
ಪ್ರತಿ ಯುಗಾದಿಗೂ ನಿಮ್ಮಮ್ಮ ಮುನಿಸ್ಕೋತಾಳೆ.

ಒಳ್ಳೇದು ಕೇಳ್ತೀಯಾ?
ಎರಡು ದಿನದ ಕೂಸಿಗೆ ನರ ಸಿಗೋದು.
ಡಾಕ್ಟರು ಮೂರು ಸಲ ಚುಚ್ಚಿ ಬಿಟ್ಟ ಕೈ,
ಮಾವಿನ ಚಿಗುರಿನಷ್ಟು. ಬೆರಳಿಟ್ಟು ಕಣ್ಣು ಮುಚ್ತೀನಿ,
ಗೆರೆಯಿಲ್ಲದ ಈ ಬೆರಳಿಗೇ ಅದು ಸಿಗುತ್ತೆ.
ಸೂಜಿಯ ಬುಡದಲ್ಲಿ ರಕ್ತ ಇಣುಕುವಾಗ
ಯಾರಿಗೂ ಏನೂ ಹೇಳಲ್ಲ, ಪ್ಲಾಸ್ಟರು ಅಂಟಿಸ್ತೀನಿ.
ಒಳಗೆ ಮಾತ್ರ ಒಬ್ಬಳು ಲಂಗ ಎತ್ತಿಕಟ್ಟಿ ಕುಣೀತಾಳೆ.

ಬೈಗುಳ? ಅದಕ್ಕೇನು ಬರ.
ಪಾಂಡವಪುರದವನೊಬ್ಬ ಕೊರಳಪಟ್ಟಿಗೇ ಕೈ ಹಾಕಿದ್ದ,
ಅಪ್ಪನಿಗೆ ಮಂಚ ಇಲ್ಲ ಅಂತ.
ನೆಲಕ್ಕೆ ಹಾಸಿ, ಬಾಟಲಿಯನ್ನ ಕಿಟಕಿ ಸರಳಿಗೆ ಕಟ್ಟಿದೆ.
ಅವನೇ ನಮ್ಮ ಆರೂಕಾಲಿನ ಬಸ್ಸಿಗೆ ಕಂಡಕ್ಟರು.
ಹೆಂಗಸರಿಗೆ ಟಿಕೆಟ್ಟು ಹೆಂಗೂ ಪುಕ್ಕಟೆ,
ಬಾಗಿಲ ಪಕ್ಕದ ಸೀಟಿನ ಮೇಲೆ ಮಾತ್ರ ದಿನಾ ಅವನ ಟವೆಲು.
ಆ ರಾತ್ರಿಯ ಮಾತು ಇಬ್ಬರೂ ಎತ್ತಲ್ಲ.

ಕಣ್ಣಿನ ಆಪರೇಶನ್ನಿನ ಹೊಂಬಾಳಮ್ಮ,
ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಹೋಗಿತ್ತು.
ಮಾತ್ರೆ ಕೊಡೋಕೆ ಕೈ ಮುಟ್ಟಿದ್ದೇ ತಡ
'ನೀನೇನವ್ವ ಇವತ್ತೂ? ಉಂಡ್ಯಾ?' ಅಂದಳು.
ಉಂಡಿರಲಿಲ್ಲ. ಉಂಡೆ ಅಂದೆ.

ಸೇರು ಅನ್ನಲ್ಲ, ಬ್ಯಾಡ ಅಂತಲೂ ಅನ್ನಲ್ಲ ಕಣೆ.
ಫಾರಂ ಅಲ್ಲಿ ಗೂಡಿನ ಮೇಲಿಡು, ನೆನೆದೀತು.
ಈ ನೀರು ಆರಿಹೋಯ್ತು.
ಒಲೆ ಮೇಲಿಂದ ಒಂದು ಚೊಂಬು ತಂದು ನನ್ನ ಕಾಲಿಗೆ ಹುಯ್ಯಿ.
ಹುಯ್ಯೋ ಮೊದಲು
ನಿನ್ನ ಬೆರಳು ಅದ್ದಿ ನೋಡ್ತೀಯೋ ಇಲ್ಲವೋ,
ಅಷ್ಟು ನೋಡ್ತೀನಿ.