ಬೇರೆ ಒಲೆ

ಕೊತ್ತನೂರು ಬಸ್ ಸ್ಟಾಪಿನೆದುರು ನನ್ನ ಜೆರಾಕ್ಸ್ ಅಂಗಡಿ.
ಶಟರ್ ಅರ್ಧ ಎಳೆದಿದ್ದೆ,
ಥಬಾನಿ ಬಗ್ಗಿ ಒಳಬಂದ, ಬಿ.ಫಾರ್ಮಾ ಮೂರನೇ ವರ್ಷ.
ಫೋನಿನಲ್ಲಿ ಅಪ್ಪ ಕಳಿಸಿದ ಲೆಟರ್‌ಹೆಡ್ಡು.

"ಅಕ್ಕಾ, ಈ ಗೆರೆ ತೆಗೀಬೇಕು,
ಗೆರೆಯಾಚೆಯ ಹೆಸರೂ."

ಎರಡು ಪಕ್ಷಗಳ ನಡುವೆ ಉಗುರಿನಷ್ಟು ಅಡ್ಡಗೆರೆ.
ಇಬ್ಬರೂ ಕಾಡಿನಲ್ಲಿ ಬಂದೂಕು ಹೊತ್ತವರೇ,
ಗದ್ದುಗೆ ಒಬ್ಬರಿಗೆ.
ಕೂಡಿಕೊಳ್ಳಿ, ಇಲ್ಲ ಊರು ಸುಡುತ್ತೇವೆ
ಅಂದ ವರ್ಷ ಎಳೆದದ್ದಂತೆ ಅದು.
"ಇಪ್ಪತ್ತೊಂದು ವರ್ಷ ಅಪ್ಪ ಅವರ ಸಭೆಯಲ್ಲಿ
ಕೊನೇ ಕುರ್ಚಿ.
ಮೊನ್ನೆ ಎದ್ದು ಬಂದ."

ಅಳಿಸಿದೆ. ಉಳಿದ ಹೆಸರು ಹಾಳೆಯ
ಒಂದು ಮಗ್ಗುಲಿಗೆ ವಾಲಿತ್ತು.
ನಡುವಿಗೆ ತರಲೇ ಎಂದೆ.
ತುಸು ಹೊತ್ತು ನೋಡಿ, ಇರಲಿ ಎಂದ.

ನಾನು ಬೇರೆ ಒಲೆ ಹೂಡಿದ ದಿನ
ಅತ್ತೆ ಕೊಟ್ಟದ್ದು ಒಂದು ಸೌಟು, ಮಸಿ ಹಿಡಿದ ಪಾತ್ರೆ.
ಉಪ್ಪು ಕೇಳಲು ನಾಲಿಗೆ ಏಳಲಿಲ್ಲ.
ಮೊದಲ ಸಾರು ಸಪ್ಪೆ.
ಎರಡು ಸಲ ಬಡಿಸಿಕೊಂಡು ತಿಂದೆ.

ಹನ್ನೊಂದು ಪ್ರತಿ,
ಭಾನುವಾರ ಹೆಣ್ಣೂರಿನಲ್ಲಿ ಸೇರುವವರು ಅಷ್ಟೇ.
ಗೆರೆಯಿದ್ದ ಮೊದಲ ಪ್ರಿಂಟನ್ನು
ಹರಿಯುತ್ತಾನೆ ಅಂದುಕೊಂಡಿದ್ದೆ.
ಹಿಂಬದಿ ಖಾಲಿ ಇದೆ, ನೋಟ್ಸಿಗಾಗುತ್ತೆ ಎಂದು
ಮಡಚಿ ಜೇಬಿಗಿಟ್ಟ.